ಕಂಪ್ಯೂಟರ್ ಬೇಕಾಗಿದ್ದಾರೆ

1892ರ ಮೇ 2ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಪುಟ್ಟದೊಂದು ಪ್ರಕಟಣೆ ಅಚ್ಚಾಯಿತು. ಅಮೆರಿಕದ ನಾವಿಕ ಪಂಚಾಂಗ ಕಚೇರಿಗೆ ಕಂಪ್ಯೂಟರ್ ಬೇಕಾಗಿದೆ ಎಂಬುದು ಅದರ ಸಾರಾಂಶ. ಎರಡು ಸ್ಥಾನಗಳು ಖಾಲಿ ಇವೆ, ಒಂದಕ್ಕೆ 1,000 ಡಾಲರ್, ಇನ್ನೊಂದಕ್ಕೆ 1,400 ಡಾಲರ್. ಮೇ 18ರಂದು ವಾಷಿಂಗ್ಟನ್ನಿನಲ್ಲಿ ಪರೀಕ್ಷೆ ನಡೆಯುವುದು. ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಮತ್ತು ಖಗೋಳವಿಜ್ಞಾನದಲ್ಲಿ ಪ್ರಶ್ನೆಗಳಿರುವುವು. ಅರ್ಜಿ ನಮೂನೆಯನ್ನು ಇಂಥಲ್ಲಿಂದ ಪಡೆಯಬಹುದು.

ಯಂತ್ರ ಅರ್ಜಿ ಹಾಕುವುದಿಲ್ಲ, ತ್ರಿಕೋನಮಿತಿಯ ಪರೀಕ್ಷೆಗೂ ಕೂರುವುದಿಲ್ಲ. ಆದ್ದರಿಂದ ಇಲ್ಲಿ ಕಂಪ್ಯೂಟರ್ ಎಂದರೆ ಒಬ್ಬ ಮನುಷ್ಯ ಎಂಬುದು ನಿಮಗೆ ಎರಡನೆಯ ಸಾಲಿಗೇ ಹೊಳೆದಿರುತ್ತದೆ. ಆದರೆ ಹಳೆಯ ಪತ್ರಿಕೆಗಳಲ್ಲಿ ಪ್ರತಿ ಬಾರಿಯೂ ಇಷ್ಟು ಸುಲಭವಾಗಿ ಹೊಳೆಯುವುದಿಲ್ಲ. ‘ಈ ಕೋಷ್ಟಕವನ್ನು ಕಂಪ್ಯೂಟರ್ ಸಿದ್ಧಪಡಿಸಿತು’ ಎಂದು ಓದುವುದೋ, ‘ಸಿದ್ಧಪಡಿಸಿದರು’ ಎಂದು ಓದುವುದೋ? ಇಂಗ್ಲಿಷಿನ ಕ್ರಿಯಾಪದ ಇದನ್ನು ಬಿಟ್ಟುಕೊಡುವುದಿಲ್ಲ. ಕನ್ನಡದಲ್ಲಾದರೋ ಬಂದನು, ಬಂದಳು, ಬಂದರು, ಬಂತು ಎಂದು ತೀರ್ಮಾನಿಸದೆ ವಾಕ್ಯವನ್ನು ಮುಗಿಸಲಾಗದು. ನಮ್ಮ ಪತ್ರಿಕೆಗಳ ಜಾಹೀರಾತುಗಳನ್ನೇ ನೋಡಿ: ಯಂತ್ರವಾದರೆ ‘ಬೇಕಾಗಿದೆ’, ಮನುಷ್ಯರಾದರೆ ‘ಬೇಕಾಗಿದ್ದಾರೆ’. 1892ರ ಆ ಪ್ರಕಟಣೆಯನ್ನು ಕನ್ನಡಕ್ಕೆ ತರುವವರು ‘ಕಂಪ್ಯೂಟರ್ ಬೇಕಾಗಿದ್ದಾರೆ’ ಎಂದೇ ಬರೆಯಬೇಕು. ಕಿವಿಗೆ ವಿಚಿತ್ರವಾಗಿ ಕೇಳಿಸಿದರೂ ಅದೇ ಸರಿ.

ಈ ಚಿಕ್ಕ ವ್ಯಾಕರಣ ಪ್ರಶ್ನೆಯ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ಸುಮಾರು ಮುನ್ನೂರು ವರ್ಷ ಮನುಷ್ಯರ ಹೆಸರಾಗಿದ್ದ ಪದವೊಂದು ಹತ್ತು ಹದಿನೈದು ವರ್ಷಗಳಲ್ಲಿ ಯಂತ್ರದ ಹೆಸರಾಯಿತು. ಹೆಸರಿನೊಂದಿಗೆ ಆ ಮನುಷ್ಯರ ಕೆಲಸವೂ ನಮ್ಮ ಕಣ್ಣಿನಿಂದ ಮರೆಯಾಯಿತು.

ಪದ ಹಳೆಯದು. ಲೆಕ್ಕ ಹಾಕು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಇಂಗ್ಲಿಷಿನಲ್ಲಿ 1613ರಷ್ಟು ಹಿಂದೆಯೇ ಕಾಣಸಿಗುತ್ತದೆ. ನಮ್ಮ ‘ಗಾರ’, ‘ಇಗ’ ಪ್ರತ್ಯಯಗಳಂತೆ ಅಲ್ಲಿಯೂ ಪದದ ಬಾಲ ಮಾಡುವವನನ್ನು ಸೂಚಿಸುತ್ತದೆ. ಲೆಕ್ಕಿಗ ಎಂದರೆ ಸರಿಹೋದೀತು. ಇಂಥ ಬಾಲದ ಪದಗಳು ಮನುಷ್ಯನಿಂದ ವಸ್ತುವಿಗೆ ಜಾರುವುದು ಹೊಸದೇನಲ್ಲ. ಪ್ರಿಂಟರ್ ಎಂದರೆ ಮೊದಲು ಮುದ್ರಕ, ಈಗ ಮೇಜಿನ ಮೇಲಿನ ಯಂತ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯ ಪತ್ರಿಕೆಗಳಲ್ಲಿ ಟೈಪ್‌ರೈಟರ್ ಎಂದರೆ ಯಂತ್ರವೂ ಹೌದು, ಅದರ ಮುಂದೆ ಕುಳಿತ ಹುಡುಗಿಯೂ ಹೌದು. ಆ ಕಾಲದ ನಗೆಹನಿಗಳಿಗೆ ಈ ದ್ವಂದ್ವ ಒಳ್ಳೆಯ ಸರಕಾಗಿತ್ತು. ಕಂಡಕ್ಟರ್ ಎಂದರೆ ನನ್ನ ಪ್ರಯೋಗಾಲಯದಲ್ಲಿ ತಾಮ್ರದ ತಂತಿ, ಕಾಲೇಜಿಗೆ ಬರುವ ಬಸ್ಸಿನಲ್ಲಿ ಟಿಕೆಟ್ ಕೊಡುವವರು. ಆದರೆ ಈ ಪದಗಳಲ್ಲಿ ಹಳೆಯ ಅರ್ಥದ ನೆನಪಾದರೂ ಉಳಿದಿದೆ. ಕಂಪ್ಯೂಟರ್ ಪದದಲ್ಲಿ ಅದೂ ಇಲ್ಲವೆನ್ನುವಷ್ಟು ಅಳಿಸಿಹೋಗಿದೆ.

ಲೆಕ್ಕವೇ ಕಸುಬಾದವರು

ಇವರು ಏನು ಮಾಡುತ್ತಿದ್ದರು? ಬ್ರಿಟನ್ನಿನ ಖಗೋಳವಿಜ್ಞಾನಿ ನೆವಿಲ್ ಮಾಸ್ಕೆಲಿನ್ 1767ನೆಯ ವರ್ಷಕ್ಕಾಗಿ ಮೊದಲ ‘ನಾಟಿಕಲ್ ಆಲ್ಮನಾಕ್’ ಹೊರತಂದ. ನಡುಗಡಲಿನಲ್ಲಿರುವ ನಾವಿಕ ತಾನಿರುವ ರೇಖಾಂಶವನ್ನು ತಿಳಿಯಬೇಕಾದರೆ ಚಂದ್ರ ಯಾವ ಗಳಿಗೆಯಲ್ಲಿ ಎಲ್ಲಿರುವನು, ನಕ್ಷತ್ರಗಳಿಂದ ಎಷ್ಟು ದೂರದಲ್ಲಿರುವನು ಎಂಬುದು ಮೊದಲೇ ಲೆಕ್ಕ ಹಾಕಿ ಅಚ್ಚಾಗಿರಬೇಕು. ಚಂದ್ರನ ಒಂದೊಂದು ಸ್ಥಾನಕ್ಕೂ ಹತ್ತಾರು ಕೋಷ್ಟಕಗಳನ್ನು ನೋಡಿ, ಕೂಡಿ ಕಳೆದು ಮುಗಿಸಬೇಕು. ಇದನ್ನೆಲ್ಲ ಮಾಡಲು ಮಾಸ್ಕೆಲಿನ್ ನಾಡಿನ ಬೇರೆ ಬೇರೆ ಊರುಗಳಲ್ಲಿ ಕಂಪ್ಯೂಟರ್‌ಗಳನ್ನು ನೇಮಿಸಿಕೊಂಡ. ಅವರು ಮನೆಯಲ್ಲೇ ಕುಳಿತು ಲೆಕ್ಕ ಮಾಡಿ ಅಂಚೆಯಲ್ಲಿ ಕಳಿಸಬೇಕು. ಒಂದೇ ಲೆಕ್ಕವನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಕೊಟ್ಟು, ಮೂರನೆಯವರೊಬ್ಬರು ಎರಡನ್ನೂ ತಾಳೆ ನೋಡುವುದು ಕ್ರಮ. ಆರಂಭದ ವರ್ಷಗಳಲ್ಲೇ ಇಬ್ಬರು ಒಬ್ಬರನ್ನೊಬ್ಬರು ನಕಲು ಮಾಡಿ ಸಿಕ್ಕಿಬಿದ್ದರು. ಮಾಸ್ಕೆಲಿನ್ ಇಬ್ಬರನ್ನೂ ಬಿಡಿಸಿ ಕಳಿಸಿದ. ತಪ್ಪಿನ ಬೆಲೆ ಒಂದು ಹಡಗು ಬಂಡೆಗೆ ಬಡಿಯುವುದು. ಇಂಥಲ್ಲಿ ನಕಲು ನಡೆಯುವಂತಿರಲಿಲ್ಲ.

ಲಡ್ಲೋ ಎಂಬ ಊರಿನ ಜಾನ್ ಎಡ್ವರ್ಡ್ಸ್ ಇಂಥ ಕಂಪ್ಯೂಟರ್‌ಗಳಲ್ಲಿ ಒಬ್ಬರೆಂದು ಲೆಕ್ಕಪತ್ರಗಳಲ್ಲಿ ದಾಖಲಾಗಿದ್ದರು. 1784ರಲ್ಲಿ ಅವರು ತೀರಿಕೊಂಡಾಗ ತಿಳಿದು ಬಂದದ್ದೇನೆಂದರೆ ಆ ಲೆಕ್ಕಗಳ ಬಹುಪಾಲನ್ನು ಮಾಡುತ್ತಿದ್ದವರು ಅವರ ಹೆಂಡತಿ ಮೇರಿ. ಗಂಡ ಸತ್ತ ಮೇಲೆ ಕೆಲಸವನ್ನು ತನ್ನ ಹೆಸರಿಗೇ ಕೊಡಿ ಎಂದು ಮೇರಿ ಕೇಳಿಕೊಂಡರು, ಸಿಕ್ಕಿತು. ಮುಂದೆ ಆಕೆಯ ಮಗಳೂ ಅದೇ ಕೆಲಸ ಹಿಡಿದಳು.

ಗ್ರೀನಿಚ್ ವೀಕ್ಷಣಾಲಯದಲ್ಲಿ ಜಾರ್ಜ್ ಏರಿ 1830ರ ದಶಕದಿಂದ ಹದಿಮೂರು ಹದಿನಾಲ್ಕು ವರ್ಷದ ಹುಡುಗರನ್ನೇ ಈ ಕೆಲಸಕ್ಕೆ ಕೂರಿಸಿದ. ಅಚ್ಚಾದ ನಮೂನೆಗಳಲ್ಲಿ ಒಂದೊಂದು ಚೌಕಕ್ಕೂ ಏನು ತುಂಬಬೇಕೆಂದು ಬರೆದಿರುತ್ತಿತ್ತು. ಹುಡುಗ ತುಂಬುತ್ತ ಹೋಗಬೇಕು, ಯಾಕೆ ಎಂದು ಕೇಳಬೇಕಾಗಿಲ್ಲ. ಪ್ರೋಗ್ರಾಮ್ ಎಂದು ನಾವು ಇಂದು ಕರೆಯುವ ವಸ್ತುವಿಗೆ ಆ ನಮೂನೆ ಎಷ್ಟು ಹತ್ತಿರ ಎಂಬುದನ್ನು ಗಮನಿಸಿ.

ನಮ್ಮ ನೆಲದ ಕಂಪ್ಯೂಟರ್

ಭಾರತದಲ್ಲಿ ಈ ಹುದ್ದೆಗೆ ಹೆಸರು ತಂದವರು ರಾಧಾನಾಥ ಸಿಕ್ದಾರ್. ಲ್ಯಾಂಬ್ಟನ್ ಆರಂಭಿಸಿದ್ದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಕತೆ ನಿಮಗೆ ತಿಳಿದಿರಬಹುದು. 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಸರಪಳಿ ಹಿಡಿದು ಅಳೆದದ್ದು ಇದೇ ಕೆಲಸದ ಭಾಗ. ಹೊಲ ಕಾಡುಗಳಲ್ಲಿ ಥಿಯೊಡೊಲೈಟ್ ಹೊತ್ತು ತಿರುಗುವುದು ಈ ಸರ್ವೇಕ್ಷಣೆಯ ಅರ್ಧ ಭಾಗ ಮಾತ್ರ. ಅಳೆದು ತಂದ ಕೋನಗಳನ್ನು ದೂರ, ಎತ್ತರಗಳನ್ನಾಗಿ ಮಾಡುವುದು ಇನ್ನರ್ಧ. ಅದಕ್ಕೆ ಕಂಪ್ಯೂಟರ್‌ಗಳು ಬೇಕು. ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದಿದ್ದ ಸಿಕ್ದಾರ್ 1831ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ತಿಂಗಳಿಗೆ ಮೂವತ್ತು ರೂಪಾಯಿ ಸಂಬಳಕ್ಕೆ ಈ ಕೆಲಸಕ್ಕೆ ಸೇರಿದರು. ಮುಂದೆ ಮುಖ್ಯ ಕಂಪ್ಯೂಟರ್ ಆದರು.

ಆ ಲೆಕ್ಕದ ಭಾರ ಎಷ್ಟೆಂದು ಒಂದು ಉದಾಹರಣೆಯಿಂದ ನೋಡೋಣ. ಬಿಹಾರದ ಬಯಲಿನಿಂದ ಹದಿನೈದನೆಯ ಶಿಖರ ಎಂದು ಗುರುತಿಸಿದ್ದ ಬೆಟ್ಟದ ತುದಿಗೆ ಹತ್ತಿರದ ವೀಕ್ಷಣೆಯ ದೂರವೇ ಸುಮಾರು 174 ಕಿಲೋಮೀಟರ್. ಭೂಮಿ ಗುಂಡಗಿರುವುದರಿಂದ ಅಷ್ಟು ದೂರದಲ್ಲಿರುವ ಬೆಟ್ಟದ ಬುಡ ನೋಡುವವನ ಸಮರೇಖೆಗಿಂತ ಕೆಳಗೆ ಇಳಿದಿರುತ್ತದೆ. ಎಷ್ಟು? ದೂರದ ವರ್ಗವನ್ನು ಭೂಮಿಯ ವ್ಯಾಸದಿಂದ ಭಾಗಿಸಿ ನೋಡಿ: ಸುಮಾರು 2,400 ಮೀಟರ್. ಶಿಖರದ ಎತ್ತರದ ಕಾಲು ಭಾಗಕ್ಕಿಂತ ಹೆಚ್ಚು! ಇನ್ನು ವಾಯುಮಂಡಲದಲ್ಲಿ ಬೆಳಕು ಬಾಗುವುದರಿಂದ ಬೆಟ್ಟ ಇರುವುದಕ್ಕಿಂತ ಎತ್ತರದಲ್ಲಿ ಕಾಣುತ್ತದೆ. ಈ ವಕ್ರೀಭವನದ ತಿದ್ದುಪಡಿ ಮೇಲಿನ ಸಂಖ್ಯೆಯ ಸುಮಾರು ಏಳರಲ್ಲೊಂದು ಪಾಲು; ಅದೂ ಗಾಳಿಯ ಉಷ್ಣತೆ ಒತ್ತಡಗಳೊಂದಿಗೆ ಬದಲಾಗುತ್ತದೆ. ಒಂದೊಂದು ತಾಣದಿಂದಲೂ ಬೇರೆ ಬೇರೆ ಎತ್ತರ ಬಂದಾಗ ಅವುಗಳನ್ನು ತೂಗಿ ಸರಾಸರಿ ತೆಗೆಯಬೇಕು. ಕೊನೆಗೆ 1856ರಲ್ಲಿ ಸರ್ವೇಯರ್ ಜನರಲ್ ಆಂಡ್ರ್ಯೂ ವಾ ಪ್ರಕಟಿಸಿದ ಎತ್ತರ 29,002 ಅಡಿ, ಎಂದರೆ ಸುಮಾರು 8,840 ಮೀಟರ್. 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಘೋಷಿಸಿದ ಎತ್ತರ 8,848.86 ಮೀಟರ್. ಲಾಗ್ ಕೋಷ್ಟಕ, ಶಾಯಿ, ಕಾಗದಗಳಿಂದ ಬಂದ ಉತ್ತರಕ್ಕೂ ಉಪಗ್ರಹಗಳ ನೆರವಿನ ಉತ್ತರಕ್ಕೂ ಇರುವ ವ್ಯತ್ಯಾಸ ಒಂಬತ್ತು ಮೀಟರ್.

ಸಿಕ್ದಾರ್ ಮೇಲಧಿಕಾರಿಯ ಕೋಣೆಗೆ ಓಡಿಬಂದು ‘ಜಗತ್ತಿನ ಅತ್ಯುನ್ನತ ಶಿಖರವನ್ನು ಕಂಡುಹಿಡಿದೆ’ ಎಂದರೆಂಬ ಕತೆ ಬಹಳ ಪ್ರಚಾರದಲ್ಲಿದೆ. ಇತಿಹಾಸಕಾರರು ಅದನ್ನು ಸಂಶಯದಿಂದಲೇ ನೋಡಿದ್ದಾರೆ. ಹಲವರು ಕೂಡಿ ಹಲವು ವರ್ಷ ಮಾಡಿದ ಲೆಕ್ಕಕ್ಕೆ ಒಂದು ಓಟದ ದೃಶ್ಯ ಹೊಂದುವುದಿಲ್ಲ ಎಂದೇ ನನಗೂ ಅನ್ನಿಸುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಪ್ರಸಂಗ, ಅದಕ್ಕೆ ಅಚ್ಚಿನ ಸಾಕ್ಷ್ಯವಿದೆ. 1851ರಲ್ಲಿ ಸರ್ವೇಕ್ಷಣಾ ಇಲಾಖೆ ಒಂದು ಕೈಪಿಡಿ ಹೊರತಂದಿತು. ಅದರ ಹೆಚ್ಚು ಗಣಿತವಿರುವ ಅಧ್ಯಾಯಗಳು ಸಿಕ್ದಾರರವು ಎಂದು ಮುನ್ನುಡಿಯಲ್ಲಿ ಸ್ಪಷ್ಟವಾಗಿ ಹೇಳಿತ್ತು. ಅವರು 1870ರಲ್ಲಿ ತೀರಿಕೊಂಡರು. 1875ರಲ್ಲಿ ಮೂರನೆಯ ಮುದ್ರಣ ಬಂದಾಗ ಆ ಮುನ್ನುಡಿಯೇ ಮಾಯ. ಅಧ್ಯಾಯಗಳು ಮಾತ್ರ ಉಳಿದಿದ್ದವು. ಮರುವರ್ಷ ‘ಫ್ರೆಂಡ್ ಆಫ್ ಇಂಡಿಯಾ’ ಪತ್ರಿಕೆ ಇದನ್ನು ಸತ್ತವರನ್ನು ದೋಚುವ ಕೆಲಸವೆಂದು ಖಂಡಿಸಿತು. ಇಲಾಖೆಯ ಕೆಲವು ಬ್ರಿಟಿಷ್ ಸರ್ವೇಯರ್‌ಗಳೂ ಪ್ರತಿಭಟಿಸಿದರು. ಕಂಪ್ಯೂಟರ್ ಎಂಬ ಪದ ಇನ್ನೂ ಮನುಷ್ಯನದಾಗಿದ್ದಾಗಲೇ ಕಂಪ್ಯೂಟರಿನ ಹೆಸರು ಅಳಿಸಿಹೋಗುತ್ತಿತ್ತು. ಅದನ್ನು ತಡೆಯಲು ಒಂದು ಪತ್ರಿಕೆ ದನಿಯೆತ್ತಬೇಕಾಯಿತು. ಅಂದ ಹಾಗೆ, ಸಿಕ್ದಾರ್ ಸ್ವತಃ ಪತ್ರಿಕೆ ನಡೆಸಿದವರು. 1854ರಲ್ಲಿ ಗೆಳೆಯ ಪ್ಯಾರಿಚಾಂದ್ ಮಿತ್ರರೊಂದಿಗೆ ಸೇರಿ, ಹೆಂಗಸರಿಗೂ ತಿಳಿಯುವಂಥ ಸರಳ ಬಂಗಾಳಿಯಲ್ಲಿ ‘ಮಾಸಿಕ ಪತ್ರಿಕಾ’ ತಂದಿದ್ದರು.

ಹಾರ್ವರ್ಡ್‌ನಲ್ಲಿಯೂ ಕತೆ ಹೆಚ್ಚು ಬೇರೆಯಲ್ಲ. ಅಲ್ಲಿನ ವೀಕ್ಷಣಾಲಯದಲ್ಲಿ ಎಡ್ವರ್ಡ್ ಪಿಕರಿಂಗ್ ಗಾಜಿನ ಫೋಟೋ ಫಲಕಗಳನ್ನು ಅಳೆಯಲು ಹೆಂಗಸರನ್ನು ನೇಮಿಸಿದ. ಅವರ ಹುದ್ದೆಯೂ ಕಂಪ್ಯೂಟರ್. ಅವರಲ್ಲೊಬ್ಬರಾದ ಹೆನ್ರಿಯೆಟಾ ಲೀವಿಟ್ ಗಂಟೆಗೆ ಮೂವತ್ತು ಸೆಂಟ್ ಕೂಲಿಗೆ ದುಡಿದವರು. ಸೀಫೀಡ್ ನಕ್ಷತ್ರಗಳ ಪ್ರಕಾಶ ಏರಿಳಿಯುವ ಅವಧಿಗೂ ಅವುಗಳ ಉಜ್ವಲತೆಗೂ ಇರುವ ಸಂಬಂಧವನ್ನು ಕಂಡವರು ಇವರೇ. ವಿಶ್ವದ ದೂರಗಳನ್ನು ಅಳೆಯುವ ಮೊದಲ ಅಳತೆಗೋಲು ಅದು. 1912ರ ಹಾರ್ವರ್ಡ್ ಸುತ್ತೋಲೆಯಲ್ಲಿ ಈ ಫಲಿತಾಂಶ ಪ್ರಕಟವಾದಾಗ ಕೆಳಗಿದ್ದ ಸಹಿ ಪಿಕರಿಂಗ್‌ನದು. ಕುಮಾರಿ ಲೀವಿಟ್ ಸಿದ್ಧಪಡಿಸಿದ ಹೇಳಿಕೆ ಎಂದು ಆತ ಮೊದಲ ವಾಕ್ಯದಲ್ಲೇ ಹೇಳಿದ್ದ, ಅಷ್ಟರಮಟ್ಟಿಗೆ ನ್ಯಾಯ.

ಅರವತ್ತನಾಲ್ಕು ಸಾವಿರ

ಈಗ ನಿಮಗೊಂದು ಸಣ್ಣ ಪರೀಕ್ಷೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಭೌತವಿಜ್ಞಾನಿ 1922ರಲ್ಲಿ ಬರೆದ ಗ್ರಂಥವೊಂದರಲ್ಲಿ, ಇಡೀ ಭೂಮಿಯ ಹವೆಯನ್ನು ಅದು ಬದಲಾಗುವ ವೇಗದಲ್ಲೇ ಮುನ್ಸೂಚಿಸಲು 64,000 ಕಂಪ್ಯೂಟರ್‌ಗಳು ಬೇಕಾಗುತ್ತವೆ ಎಂಬ ಅಂದಾಜು ಬರುತ್ತದೆ. ಈ ವಾಕ್ಯವನ್ನು ನಾನು ಎಂ.ಎಸ್ಸಿ. ತರಗತಿಯಲ್ಲಿ ಆಗಾಗ ಹೇಳುವುದುಂಟು. ‘ಆಗಲೇ ಅಷ್ಟೊಂದು ಕಂಪ್ಯೂಟರ್ ಎಲ್ಲಿದ್ದವು ಸಾರ್?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಮೇಲೆ ನಾನೂ ‘ಬೇಕಾಗುತ್ತವೆ’ ಎಂದೇ ಬರೆದೆ, ನೋಡಿದಿರಾ? ಬೇಕೆಂದೇ ಹಾಗೆ ಬರೆದದ್ದು. ‘ಬೇಕಾಗುತ್ತಾರೆ’ ಎಂದಿದ್ದರೆ ಗುಟ್ಟು ಬಯಲಾಗುತ್ತಿತ್ತು.

ರಿಚರ್ಡ್‌ಸನ್ ಕಲ್ಪಿಸಿದ್ದು ಒಂದು ಭಾರಿ ಸಭಾಂಗಣ. ಒಳಗೋಡೆಯ ತುಂಬ ಭೂಪಟ, ಅಂತಸ್ತು ಅಂತಸ್ತಾಗಿ ಕುಳಿತ ಮನುಷ್ಯರು, ತಂತಮ್ಮ ಪ್ರದೇಶದ ಸಮೀಕರಣಗಳನ್ನು ಬಿಡಿಸುತ್ತಿರುವವರು. ನಡುವೆ ಕಂಬದ ಮೇಲೆ ನಿಂತ ನಿರ್ವಾಹಕ, ಮುಂದೆ ಓಡುತ್ತಿರುವವರ ಮೇಲೆ ಒಂದು ಬಣ್ಣದ ಬೆಳಕು, ಹಿಂದೆ ಬಿದ್ದವರ ಮೇಲೆ ಇನ್ನೊಂದು ಬಣ್ಣದ ಬೆಳಕು ಬೀರುತ್ತಾನೆ. ರಿಚರ್ಡ್‌ಸನ್ ಸ್ವತಃ ಒಬ್ಬ ಕಂಪ್ಯೂಟರ್ ಆಗಿ, ಆರು ಗಂಟೆಗಳ ಹವೆಯನ್ನು ಕೈಯಿಂದಲೇ ಲೆಕ್ಕ ಹಾಕಿ ನೋಡಿದ್ದ. ವಾರಗಟ್ಟಲೆ ಹಿಡಿಯಿತು, ಉತ್ತರವೂ ತಪ್ಪಾಯಿತು. ವಾಯುಭಾರ ಆರು ಗಂಟೆಯಲ್ಲಿ 145 ಮಿಲಿಬಾರ್ ಏರುವುದೆಂದು ಬಂತು. ನಿಜವಾಗಿ ಅಂದು ಅದು ಹೆಚ್ಚು ಕಡಿಮೆ ಅಲುಗಿರಲೇ ಇಲ್ಲ. ತಪ್ಪಿದ್ದು ವಿಧಾನದ ತತ್ತ್ವದಲ್ಲಲ್ಲ, ಆರಂಭದ ದತ್ತಾಂಶಗಳಲ್ಲಿ ಎಂಬುದು ಮುಂದೆ ತಿಳಿಯಿತು. ಇಂದಿನ ಹವಾ ಮುನ್ಸೂಚನೆ ಸಾಗುವುದು ಅದೇ ದಾರಿಯಲ್ಲಿ.

ಪದ ಮಗುಚಿದ ಗಳಿಗೆ

ಪದ ಯಾವಾಗ ಕೈ ಬದಲಾಯಿಸಿತು? ಒಬ್ಬನೇ ಲೇಖಕನ ಎರಡು ಬರಹಗಳಲ್ಲಿ ಇದನ್ನು ಹಿಡಿಯಬಹುದು. ಅಲನ್ ಟ್ಯೂರಿಂಗ್ 1936ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಕಂಪ್ಯೂಟರ್ ಎಂದು ಬರೆದಾಗ, ಚೌಕುಳಿ ಕಾಗದದ ಮುಂದೆ ಪೆನ್ಸಿಲ್ ಹಿಡಿದು ಕುಳಿತ ಮನುಷ್ಯನೇ ಅವನ ಕಣ್ಣ ಮುಂದಿದ್ದುದು. 1950ರಲ್ಲಿ ‘ಮೈಂಡ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಅದೇ ಮನುಷ್ಯನನ್ನು ಹೇಳಬೇಕಾದಾಗ ‘ಮಾನವ ಕಂಪ್ಯೂಟರ್’ ಎಂದು ವಿಶೇಷಣ ಹಚ್ಚಬೇಕಾಯಿತು. ಹದಿನಾಲ್ಕೇ ವರ್ಷ! ನಮ್ಮಲ್ಲಿ ಒಲೆ ಎಂದರೆ ಸೌದೆಯ ಒಲೆಯೇ ಆಗಿತ್ತು. ಸೀಮೆಎಣ್ಣೆ, ಗ್ಯಾಸುಗಳಿಗೆ ವಿಶೇಷಣ ಹಚ್ಚುತ್ತಿದ್ದೆವು. ಈಗ ‘ಸೌದೆ ಒಲೆ’ ಎಂದು ಬಿಡಿಸಿ ಹೇಳದಿದ್ದರೆ ಮಕ್ಕಳಿಗೆ ತಿಳಿಯದು. ಯಾವುದಕ್ಕೆ ವಿಶೇಷಣ ಬೇಕಾಗುತ್ತದೆಯೋ ಅದು ಮನೆಯೊಡೆತನ ಕಳೆದುಕೊಂಡಿತೆಂದೇ ಲೆಕ್ಕ.

ಈ ಹದಿನಾಲ್ಕು ವರ್ಷಗಳ ನಡುವೆ ಒಂದು ಯುದ್ಧ ನಡೆದಿತ್ತು. ಫಿರಂಗಿ ಗುಂಡಿನ ಪಥಗಳ ಕೋಷ್ಟಕಗಳಿಗಾಗಿ ಅಮೆರಿಕದ ಸೇನೆಗೆ ಗಣಿತ ಓದಿದ ಹೆಂಗಸರು ಬೇಕಾಗಿದ್ದರು. 1942ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಬಂದ ಜಾಹೀರಾತನ್ನು ನೋಡಿ, ಆಗತಾನೇ ಪದವಿ ಮುಗಿಸಿದ್ದ ಕೇ ಮೆಕ್‌ನಲ್ಟಿ ಅರ್ಜಿ ಹಾಕಿದರು. ವರ್ಷಕ್ಕೆ 1,620 ಡಾಲರ್ ಸಂಬಳ, ಹುದ್ದೆ ಕಂಪ್ಯೂಟರ್. ಅರವತ್ತು ಸೆಕೆಂಡ್ ಹಾರುವ ಒಂದು ಗುಂಡಿನ ಪಥಕ್ಕೆ ಮೇಜಿನ ಗಣನ ಯಂತ್ರದ ನೆರವಿದ್ದರೂ ಸುಮಾರು 20 ಗಂಟೆ ಬೇಕಾಗುತ್ತಿತ್ತು. ಸುಮಾರು 18,000 ಕವಾಟಗಳ ಎನಿಯಾಕ್ ಯಂತ್ರ ಅದನ್ನೇ ಅರ್ಧ ನಿಮಿಷದಲ್ಲಿ ಮುಗಿಸಿತು. ಯಂತ್ರಕ್ಕೆ ಲೆಕ್ಕವನ್ನು ಹೇಗೆ ಹೂಡಬೇಕೆಂದು ಕಂಡುಕೊಂಡವರು ಯಾರು? ಕೇ ಮೆಕ್‌ನಲ್ಟಿ ಮತ್ತು ಇತರ ಐವರು ಹೆಂಗಸರು. ಎಲ್ಲರೂ ನಿನ್ನೆಯವರೆಗೆ ಕಂಪ್ಯೂಟರ್‌ಗಳು! 1946ರ ಫೆಬ್ರುವರಿ 15ರ ‘ನ್ಯೂಯಾರ್ಕ್ ಟೈಮ್ಸ್’ ಎನಿಯಾಕ್ ಬಗ್ಗೆ ದೊಡ್ಡ ವರದಿ ಪ್ರಕಟಿಸಿತು. ಯಂತ್ರವನ್ನು ಕರೆದದ್ದು ‘ಎಲೆಕ್ಟ್ರಾನಿಕ್ ಕಂಪ್ಯೂಟರ್’ ಎಂದು. ಆಗಿನ್ನೂ ಯಂತ್ರಕ್ಕೇ ವಿಶೇಷಣ ಬೇಕಿತ್ತೆಂಬುದನ್ನು ಗಮನಿಸಿ. ಆ ಆರು ಜನರ ಹೆಸರು ಪತ್ರಿಕೆಗಳಲ್ಲಿ ಬರಲಿಲ್ಲ. ದಶಕಗಳವರೆಗೆ ಎನಿಯಾಕ್‌ನ ಫೋಟೋಗಳಲ್ಲಿ ಅವರು ಹೆಸರಿಲ್ಲದ ಹೆಂಗಸರಾಗಿಯೇ ನಿಂತಿದ್ದರು.

ಇಂಗ್ಲೆಂಡಿನ ಪತ್ರಿಕೆಗಳಿಗೆ ಇನ್ನೂ ರೋಚಕವಾದ ಪದ ಬೇಕಿತ್ತು. 1946ರ ಅಕ್ಟೋಬರ್ ಕೊನೆಯಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ ಭಾಷಣವೊಂದರಲ್ಲಿ ಈ ಯಂತ್ರವನ್ನು ‘ಎಲೆಕ್ಟ್ರಾನಿಕ್ ಮಿದುಳು’ ಎಂದ. ಐದು ತಿಂಗಳ ಅನಂತರ ವೈಸ್‌ರಾಯ್ ಆಗಿ ದಿಲ್ಲಿಗೆ ಬಂದನಲ್ಲ, ಅದೇ ಮೌಂಟ್‌ಬ್ಯಾಟನ್. ಪತ್ರಿಕೆಗಳು ಆ ಮಾತನ್ನು ಎತ್ತಿಕೊಂಡವು. ಎನಿಯಾಕ್‌ನಲ್ಲಿ ಸ್ವತಃ ಕೆಲಸ ಮಾಡಿದ್ದ ಭೌತವಿಜ್ಞಾನಿ ಡಗ್ಲಸ್ ಹಾರ್ಟ್ರಿ ನವೆಂಬರಿನಲ್ಲಿ ‘ದಿ ಟೈಮ್ಸ್’ಗೆ ಪತ್ರ ಬರೆದು ಆಕ್ಷೇಪಿಸಿದ. ಯಂತ್ರ ಯೋಚಿಸುವುದಿಲ್ಲ, ಯೋಚನೆಯೆಲ್ಲ ಅದಕ್ಕೆ ಮೊದಲೇ ಮನುಷ್ಯ ಮಾಡಿಟ್ಟಿರಬೇಕು ಎಂಬುದು ಅವನ ವಾದ. ಪತ್ರದಿಂದ ಏನೂ ಆಗಲಿಲ್ಲ, ‘ಮಿದುಳು’ ಮುಂದೆಯೂ ವರ್ಷಗಟ್ಟಲೆ ತಲೆಬರಹಗಳಲ್ಲಿ ಮೆರೆಯಿತು. ಕೃತಕ ಬುದ್ಧಿಮತ್ತೆಯ ಬಗ್ಗೆ ಇಂದು ಬರುವ ಸುದ್ದಿಗಳನ್ನು ಓದುವಾಗ ನನಗೆ ಹಾರ್ಟ್ರಿಯ ನೆನಪಾಗುತ್ತದೆ.

ನಮ್ಮ ದೇಶಕ್ಕೆ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಬಂದದ್ದು 1955ರಲ್ಲಿ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಮಹಲನೋಬಿಸ್ ಕಟ್ಟಿದ ಆ ಸಂಸ್ಥೆಯಲ್ಲಿ ಅದಕ್ಕೆ ಮೊದಲಿನಿಂದಲೂ ಕೈಯಿಂದ ಲೆಕ್ಕ ಮಾಡುವವರ ಪಡೆಯೇ ಇತ್ತು. ಹೊಸ ಯಂತ್ರ ಬಂದು ಕುಳಿತದ್ದು ಹಳೆಯ ಕಂಪ್ಯೂಟರ್‌ಗಳ ನಡುವೆಯೇ.

ಇನ್ನು ಕನ್ನಡದ ಮಾತು. ಕಂಪ್ಯೂಟರಿಗೆ ನಾವು ‘ಗಣಕಯಂತ್ರ’ ಎಂದೆವು. ಪದ ಮಾಡಿದವರು ಬಹಳ ಸರಿಯಾಗಿಯೇ ಮಾಡಿದ್ದರು. ಏಕೆಂದರೆ ಗಣಕ ಎಂದರೆ ಮನುಷ್ಯ: ಲೆಕ್ಕ ಬಲ್ಲವನು, ಗ್ರಹಗತಿ ಗುಣಿಸುವವನು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಗಣಕನಿಗೆ ಇರಬೇಕಾದ ಎಂಟು ಗುಣಗಳನ್ನು ಹೇಳಿದೆ. ಬೇಗ ಲೆಕ್ಕ ಮಾಡುವುದು, ಬೇಕಾದ ಉತ್ತರ ಬರುವುದೇ ಇಲ್ಲವೇ ಎಂದು ಮುಂದಾಗಿ ಊಹಿಸುವುದು, ಆಲಸ್ಯವಿಲ್ಲದಿರುವುದು, ಗ್ರಹಿಸುವುದು, ನೆನಪಿಡುವುದು, ಹೊಸ ಉಪಾಯ ಹೂಡುವುದು ಅವುಗಳಲ್ಲಿ ಸೇರಿವೆ. ವೇಗ, ನೆನಪು, ದಣಿವಿಲ್ಲದಿರುವಿಕೆ ಈಗ ಯಂತ್ರದ ಪಾಲಿಗೆ ಹೋಗಿವೆ. ಬಂದ ಉತ್ತರ ನಂಬುವಂಥದೇ ಎಂದು ಊಹಿಸುವ ಗುಣ ನನ್ನ ವಿದ್ಯಾರ್ಥಿಗಳಲ್ಲಿ ಉಳಿದಿದ್ದರೆ ಸಾಕಪ್ಪಾ ಎನಿಸುತ್ತದೆ, ಕ್ಯಾಲ್ಕುಲೇಟರ್ ತೋರಿಸಿತೆಂದು ಬೆಳಕಿನ ವೇಗವನ್ನು ಮೀರಿದ ಎಲೆಕ್ಟ್ರಾನನ್ನು ಉತ್ತರಪತ್ರಿಕೆಯಲ್ಲಿ ಬರೆದು ಬರುವವರನ್ನು ಕಂಡಾಗ.

‘ಗಣಕಯಂತ್ರ’ದಲ್ಲಿ ಯಂತ್ರ ಎಂಬುದು ವಿಶೇಷಣದ ಕೆಲಸ ಮಾಡುತ್ತಿತ್ತು, ಇದು ಗಣಕನಲ್ಲ, ಗಣಕನ ಕೆಲಸ ಮಾಡುವ ಯಂತ್ರ ಎಂದು ಸೂಚಿಸುತ್ತಿತ್ತು. ಆಡುತ್ತ ಆಡುತ್ತ ಬಾಲ ಉದುರಿತು. ಈಗ ‘ಗಣಕ’ ಎಂದರೆ ಯಂತ್ರವೇ. ‘ಗಣಕ ಕೆಟ್ಟಿದೆ’ ಎನ್ನುತ್ತೇವೆ, ‘ಕೆಟ್ಟಿದ್ದಾನೆ’ ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ನಡೆದದ್ದೇ ಇಲ್ಲಿಯೂ ನಡೆದಿದೆ, ನಮ್ಮ ಕಣ್ಣೆದುರಿಗೇ. ಹಳಗನ್ನಡ, ಸಂಸ್ಕೃತ ಗ್ರಂಥಗಳಲ್ಲಿ ಈ ಪದ ಎದುರಾದಾಗ ಮುಂದಿನ ಪೀಳಿಗೆಯ ಓದುಗರೂ ನನ್ನ ವಿದ್ಯಾರ್ಥಿಗಳಂತೆ ಒಂದು ಕ್ಷಣ ತಬ್ಬಿಬ್ಬಾಗಬಹುದು.

ಹಳೆಯ ಅರ್ಥ ಪೂರ್ತಿ ಸತ್ತಿದೆಯೆಂದು ಮಾತ್ರ ತಿಳಿಯಬೇಡಿ. ನಮ್ಮ ದೇಶದ ಸರ್ಕಾರಿ ಕಡತಗಳು ಹಳೆಯ ಪದಗಳನ್ನು ಸುಲಭಕ್ಕೆ ಬಿಡುವುದಿಲ್ಲ. ರಾಜಸ್ಥಾನ ಸರ್ಕಾರ 2021ರಲ್ಲಿಯೂ 2023ರಲ್ಲಿಯೂ ಅಂಕಿಅಂಶಗಳ ಕೆಲಸಕ್ಕೆ ಅರ್ಜಿ ಕರೆಯಿತು. ಹುದ್ದೆಯ ಹೆಸರು ಹಿಂದಿಯಲ್ಲಿ ‘ಸಂಗಣಕ’, ಇಂಗ್ಲಿಷಿನಲ್ಲಿ ‘ಕಂಪ್ಯೂಟರ್’. ಯಂತ್ರದೊಂದಿಗೆ ಗೊಂದಲ ಬೇಡವೆಂದೋ ಏನೋ, ಕೊನೆಯಲ್ಲಿ ‘ಇ’ ಇರಬೇಕಾದ ಕಡೆ ‘ಓ’ ಬರೆಯುತ್ತಾರೆ. ಗಣಿತ, ಸಂಖ್ಯಾಶಾಸ್ತ್ರ ಅಥವಾ ಅರ್ಥಶಾಸ್ತ್ರದ ಪದವಿ ಬೇಕು. ಅದರ ಜೊತೆಗೆ, ಕಂಪ್ಯೂಟರ್ ಬಳಸಲು ಬರುತ್ತದೆಂಬ ಪ್ರಮಾಣಪತ್ರವೂ ಬೇಕು.